ಹೆಸರು ಅಳಿಸಿದ ಮೊಕದ್ದಮೆ

ಆಗಸ್ಟ್ ೯, ೧೯೮೧

ಅಕ್ಕಾ,

ಕಟ್ಟು ದಪ್ಪಗಿದೆ ಅಂತ ಗಾಬರಿಯಾಗಬೇಡ. ಒಳಗಿರುವುದು ಬಾಂಬಲ್ಲ, ನನ್ನ ಪುಸ್ತಕದ ಹಸ್ತಪ್ರತಿ. ಇಲ್ಲಿನ ಸ್ಟಾಫ್ ರೂಮಿನಲ್ಲಿ ಕೇಳಿದರೆ ಎರಡೂ ಒಂದೇ ಅನ್ನುತ್ತಾರೆ, ಆ ಮಾತು ಬೇರೆ. ಹೆಸರು ‘ಕಟಕಟೆಯಲ್ಲಿ ವಿಕಾಸವಾದ’.

ಲಾ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಸಾಕ್ಷ್ಯದ ಕಾನೂನು ಪಾಠ ಮಾಡಿಕೊಂಡಿದ್ದವನಿಗೆ ಮಂಗ, ಮೀನು, ಪಳೆಯುಳಿಕೆಗಳ ಉಸಾಬರಿ ಯಾಕೆ ಅಂತ ನೀನು ಕೇಳುತ್ತೀ. ಹೇಳುತ್ತೇನೆ. ಮನುಷ್ಯನೂ ಮೀನೂ ಒಂದೇ ಮೂಲದಿಂದ ಬಂದವು ಅನ್ನುವುದು ನನ್ನ ಪಾಲಿಗೆ ಒಂದು ಆರೋಪ. ಆರೋಪ ಹೊರಿಸಿದವರು ಸಾಬೀತು ಮಾಡಬೇಕು. ಕಣ್ಣಾರೆ ಕಂಡವರು ಯಾರೂ ಇಲ್ಲ. ಇರುವುದೆಲ್ಲ ಸಾಂದರ್ಭಿಕ ಸಾಕ್ಷ್ಯ. ಅದೊಂದು ಸರಪಳಿ. ಒಂದು ಕೊಂಡಿ ಕಳಚಿದರೂ ಆರೋಪಿ ಕೈಬೀಸಿಕೊಂಡು ಮನೆಗೆ ಹೋಗುತ್ತಾನೆ. ಇಲ್ಲಿ ಕೊಂಡಿಗಳೇ ಕಾಣೆಯಾಗಿವೆ! ದೇವರ ಪರ ವಕಾಲತ್ತು ಹಾಕಿದ್ದೇನೆ ಅಂದುಕೊಳ್ಳಬೇಡ. ಆತನಿಗೂ ನನಗೂ ಅಷ್ಟಕ್ಕಷ್ಟೇ.

ನನ್ನ ತರಗತಿಯ ಪದ್ಧತಿ ನಿನಗೆ ಗೊತ್ತಲ್ಲ. ಮೊದಲ ದಿನವೇ ಹುಡುಗರ ಕೈಗೆ ಹಳೆಯ ತೀರ್ಪುಗಳನ್ನು ಕೊಟ್ಟು, ಹೆಸರುಗಳ ಮೇಲೆಲ್ಲ ಮಸಿ ಬಳಿಸುತ್ತೇನೆ. ಕೊಂದವನು ಮಂತ್ರಿಯ ಮಗನೋ ತೋಟದ ಮಾಲಿಯೋ ತಿಳಿಯಬಾರದು. ಹೆಸರು ಅಳಿಸಿದ ಮೇಲೆ ಉಳಿಯುವುದೇ ನ್ಯಾಯ. ಈ ಪುಸ್ತಕದಲ್ಲೂ ಅದನ್ನೇ ಮಾಡಿದ್ದೇನೆ. ದೊಡ್ಡ ದೊಡ್ಡ ವಿಜ್ಞಾನಿಗಳ ಹೆಸರು ಮುಚ್ಚಿ, ಬರೀ ಅವರ ಮಾತನ್ನು ಅಡ್ಡಪ್ರಶ್ನೆಗೆ ಒಡ್ಡಿದ್ದೇನೆ.

ಅಮ್ಮ ಹೋದ ಮೇಲೆ ನನಗೆ ಅಕ್ಷರ ತಿದ್ದಿಸಿದವಳು ನೀನು, ಈಗ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳೂ ನೀನು. ಆದ್ದರಿಂದ ಮೊದಲ ಓದು ನಿನ್ನದು. ಕೆಂಪು ಪೆನ್ನು ಹಿಡಿದುಕೊಂಡೇ ಓದು. ಭಾವನ ಕೆಮ್ಮು ಹೇಗಿದೆ?

ನಿನ್ನ ತಮ್ಮ


ಸೆಪ್ಟೆಂಬರ್ ೨೦, ೧೯೮೧

ತಮ್ಮಾ,

ನಾವಿಬ್ಬರೂ ಆರಾಮ ಅಂತ ಮೊದಲ ಸಾಲಿನಲ್ಲಿ ಬರೆಯಬೇಕಂತೆ. ಬರೆದೆ. ಇನ್ನು ಬೈಗುಳ.

ಭಾಷೆ ಸೊಗಸಾಗಿದೆ. ಓದುತ್ತಾ ಹೋದರೆ ಎಲ್ಲ ಸರಿಯೇ ಅನ್ನಿಸುತ್ತದೆ. ಅದೇ ನನಗೆ ಭಯ. ಮೂರನೇ ಅಧ್ಯಾಯ ಪೂರ್ತಿ ತಪ್ಪು ಕಣೋ. ವಿಕಾಸದ ಸಾಕ್ಷ್ಯ ಸರಪಳಿಯಲ್ಲ, ಹಗ್ಗ. ನೂರಾರು ಎಳೆ ಹೊಸೆದ ಹಗ್ಗ. ನಾಲ್ಕು ಎಳೆ ಕಿತ್ತರೆ ಹಗ್ಗ ಹರಿಯುವುದಿಲ್ಲ. ಮೂಳೆ ಒಂದು ಎಳೆ, ಭ್ರೂಣ ಒಂದು ಎಳೆ, ರಕ್ತ ಇನ್ನೊಂದು. ನೀನು ಒಂದೊಂದೇ ಎಳೆ ಎಳೆದು ತೋರಿಸಿ ‘ನೋಡಿ, ಇದು ಎತ್ತಿನ ಭಾರ ತಡೆಯುವುದಿಲ್ಲ’ ಅನ್ನುತ್ತೀ. ಒಂಟಿ ಎಳೆ ಯಾಕೆ ತಡೆಯಬೇಕು?

ಆ ಮಸಿ ಬಳಿಯುವ ನಿನ್ನ ಪದ್ಧತಿಯೂ ನನಗೆ ಒಗ್ಗಲಿಲ್ಲ. ನಮ್ಮ ಪ್ರಯೋಗಾಲಯದ ಬಾಟಲಿಗಳಲ್ಲಿ ಹಲ್ಲಿ, ಚೇಳು, ಏಡಿ ಇವೆ. ಪ್ರತಿಯೊಂದಕ್ಕೂ ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಯಾರು ಹಿಡಿದರು ಅಂತ ಚೀಟಿ ಇರಬೇಕು. ಚೀಟಿ ಉದುರಿಹೋದರೆ ನಾನು ಬಾಟಲಿಯನ್ನೇ ಬರಿದು ಮಾಡುತ್ತೇನೆ. ಚೀಟಿ ಇಲ್ಲದ್ದು ಬರೀ ಸತ್ತ ಪ್ರಾಣಿ, ಅದರಿಂದ ಏನೂ ಕಲಿಯಲಾಗದು. ನೀನು ಮಾತುಗಳ ಚೀಟಿ ಕಿತ್ತುಹಾಕಿದ್ದೀ. ಯಾರು ಯಾವ ಸಂದರ್ಭಕ್ಕೆ ಹೇಳಿದ್ದು ಅಂತ ಗೊತ್ತಾಗದೆ, ಅನುಮಾನ ಪಟ್ಟು ಆಮೇಲೆ ಅದನ್ನು ಪರಿಹರಿಸಿಕೊಂಡವರೂ ನಿನ್ನ ಪುಸ್ತಕದಲ್ಲಿ ಬರೀ ಅನುಮಾನ ಪಟ್ಟವರಾಗಿದ್ದಾರೆ.

ನಿನ್ನ ಭಾವ ಪಕ್ಕದಲ್ಲೇ ಕೂತು ಕೇಳಿಸಿಕೊಂಡರು. "ಮೀನಿಗೂ ನನಗೂ ಸಂಬಂಧ ಇಲ್ಲ ಅಂತ ಬರ್ದಿದಾನಾ? ಈ ಎದೆ ನೋಡ್ಲಿ, ನೀರಿಂದ ಆಚೆ ತೆಗೆದ ಮೀನೇ ಇದು" ಅಂದರು. ಹಿಟ್ಟಿನ ಗಿರಣಿಯಲ್ಲಿ ಮೂವತ್ತು ವರ್ಷ ಮೇಸ್ತ್ರಿಯಾಗಿದ್ದಕ್ಕೆ ಸಿಕ್ಕ ಬಹುಮಾನ ಆ ಶ್ವಾಸಕೋಶ. ನಮ್ಮ ಶಾಲೆಯ ಕ್ವಾರ್ಟರ್ಸ್ ನೆಲಮಹಡಿಯಲ್ಲಿರುವುದೇ ಪುಣ್ಯ. ಬಾಗಿಲಿಂದ ಗೇಟಿನವರೆಗೆ ನಿಧಾನಕ್ಕೆ ನಡೆದು, ಕಲ್ಲುಬೆಂಚಿನ ಮೇಲೆ ಕೂತು, ಶಾಲೆ ಬಿಟ್ಟ ಮಕ್ಕಳಿಗೆಲ್ಲ ಅಡ್ಡಹೆಸರು ಇಡುತ್ತಾರೆ.

ಮೂರನೇ ಅಧ್ಯಾಯ ತೆಗೆ. ತೆಗೆದರೆ ಪುಸ್ತಕವೇ ಉಳಿಯುವುದಿಲ್ಲ ಅನ್ನುವುದೂ ನನಗೆ ಗೊತ್ತು.

ಅಕ್ಕ


ಮೇ ೧೪, ೧೯೮೨

ಅಕ್ಕಾ,

ಪುಸ್ತಕ ಬಂತು, ಒಂದು ಪ್ರತಿ ಕಳಿಸಿದ್ದೇನೆ. ಮೂರನೇ ಅಧ್ಯಾಯ ಇದೆ. ನಿನ್ನ ಹಗ್ಗದ ಮಾತನ್ನು ಅಡಿಟಿಪ್ಪಣಿಯಲ್ಲಿ ಹಾಕಿ ಉತ್ತರಿಸಿದ್ದೇನೆ. ಕೋಪ ಮಾಡಿಕೊಳ್ಳಬೇಡ, ‘ಒಬ್ಬ ಅನುಭವಿ ಶಿಕ್ಷಕರು’ ಅಂತಷ್ಟೇ ಬರೆದಿದ್ದೇನೆ.

ಜೀವಶಾಸ್ತ್ರ ವಿಭಾಗದ ಮುಖ್ಯಸ್ಥರು ಪತ್ರಿಕೆಯಲ್ಲಿ ಹರಿಹಾಯ್ದರು. ತಪ್ಪುಗಳ ಪಟ್ಟಿಯನ್ನೇ ಕೊಟ್ಟು, ಕೊನೆಗೆ ‘ವಕೀಲರು ಆಪರೇಷನ್ ಮಾಡಲು ಹೊರಟರೆ ರೋಗಿ ಸಾಯುತ್ತಾನೆ’ ಅಂತ ಬರೆದರು. ಈ ಸಲ ಡೀನ್ ಹುದ್ದೆ ನನಗೇ ಅಂತ ಇಡೀ ಕಾಲೇಜು ಹೇಳುತ್ತಿತ್ತು. ನನಗಿಂತ ಆರು ವರ್ಷ ಕಿರಿಯನಿಗೆ ಹೋಯಿತು. ಕುಲಪತಿಗಳು ಕರೆದು ಬೆನ್ನು ತಟ್ಟಿದರು: "ನಿಮ್ ಪಾಂಡಿತ್ಯದ ಬಗ್ಗೆ ಎರಡು ಮಾತಿಲ್ಲ, ಪ್ರೊಫೆಸರೇ. ಆದ್ರೆ ನಾಕು ಜನ ನಗೋ ಹಾಗೆ ಆಗ್ಬಾರ್ದು ನೋಡಿ." ನಕ್ಕವರು ನಾಲ್ಕೇ ಜನ, ನಾಲ್ವರೂ ಅವರ ಕೋಣೆಯಲ್ಲೇ ಇದ್ದರು.

ಆದರೆ ಹೊರಗೆ ನೋಡು! ಮೂರನೇ ಮುದ್ರಣ ನಡೆಯುತ್ತಿದೆ. ಎಲ್ಲಿಂದಲೋ ಜನ ಕಾಗದ ಬರೆಯುತ್ತಾರೆ, ಸಭೆಗೆ ಕರೆಯುತ್ತಾರೆ, ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಅವರಲ್ಲಿ ಅರ್ಧ ಜನಕ್ಕೆ ನಾನು ಏನು ಹೇಳಿದ್ದೇನೆ ಅಂತಲೇ ತಿಳಿದಿಲ್ಲ ಅನ್ನುವುದು ನನಗೂ ಗೊತ್ತು. ಆದರೂ ನಮಸ್ಕಾರ ಮಾಡುವವರ ನಡುವೆ ಇರುವುದು ಹಿತವಾಗಿರುತ್ತದೆ ಅಕ್ಕಾ. ಇಲ್ಲಿ ಸ್ಟಾಫ್ ರೂಮಿನಲ್ಲಿ ನಾನು ಕೂತ ಮೇಜಿಗೆ ಈಗ ಯಾರೂ ಬರುವುದಿಲ್ಲ.

ನಿನ್ನ ತಮ್ಮ


ನವೆಂಬರ್ ೨೮, ೧೯೮೨

ತಮ್ಮಾ,

ಉತ್ತರ ತಡವಾಯಿತು. ಭಾವನನ್ನು ಎರಡು ವಾರ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಈಗ ಮನೆಯಲ್ಲಿದ್ದಾರೆ. ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು: ಇನ್ನು ಮೆಟ್ಟಿಲು ಹತ್ತುವ ಮಾತೇ ಇಲ್ಲ, ಧೂಳಿಲ್ಲದ ಗಾಳಿಯಲ್ಲಿ ದಿನಕ್ಕಿಷ್ಟು ನಡೆಯಬೇಕು, ಮಲಗಿಬಿಟ್ಟರೆ ಮುಗಿಯಿತು. ನಾನು ನಿವೃತ್ತಿಯಾಗುವವರೆಗೆ ಈ ಕ್ವಾರ್ಟರ್ಸ್ ನಮ್ಮದು. ಆಮೇಲೆ ಸಿಗುವ ಪಿಂಚಣಿಯಲ್ಲಿ ಇಂಥದೇ ಒಂದು ನೆಲದ ಮನೆ ಹಿಡಿಯಬೇಕು. ನನ್ನ ತಲೆಯಲ್ಲಿ ಈಗ ಇದಿಷ್ಟೇ ಇರುವುದು.

ನಿನ್ನ ಪುಸ್ತಕ ಇಲ್ಲಿಗೂ ಬಂದಿದೆ. ಪೋಷಕರ ಗುಂಪೊಂದು ಅದನ್ನು ಹಿಡಿದುಕೊಂಡು ಮುಖ್ಯೋಪಾಧ್ಯಾಯರ ಕೋಣೆಗೆ ನುಗ್ಗಿತ್ತು. "ಇಷ್ಟು ದೊಡ್ಡ ಲಾ ಪ್ರೊಫೆಸರೇ ಪುರಾವೆ ಇಲ್ಲ ಅಂದ್ಮೇಲೆ ನಮ್ ಮಕ್ಕಳಿಗೆ ಯಾಕ್ ಹೇಳ್ಕೊಡ್ತೀರಿ?" ಅಂತ ಗಲಾಟೆ. ಅದು ನನ್ನ ತಮ್ಮನ ಪುಸ್ತಕ ಅಂತ ಇಲ್ಲಿ ಯಾರಿಗೂ ಹೇಳಿಲ್ಲ. ವಿಕಾಸದ ಪಾಠ ಬಿಡಬೇಕು ಅಂತ ಆಡಳಿತ ಮಂಡಳಿ ಬರವಣಿಗೆಯಲ್ಲಿ ಕೊಟ್ಟಿತು. ಬಿಟ್ಟೆ. ಈ ವಯಸ್ಸಿನಲ್ಲಿ ಯಾಕೆ ಬೇಕು ಜಗಳ?

ನೀನು ತಲೆ ಕೆಡಿಸಿಕೊಳ್ಳಬೇಡ. ಸಭೆಗಳಲ್ಲಿ ಬೆವರು ಸುರಿಸಿಕೊಂಡು ಮಾತಾಡಿ ಫ್ಯಾನಿನ ಕೆಳಗೆ ಕೂರಬೇಡ, ಶೀತವಾಗುತ್ತದೆ.

ಅಕ್ಕ


ಜನವರಿ ೧೭, ೧೯೮೩

ಅಕ್ಕಾ,

ನಿನ್ನ ಕಾಗದ ಓದಿ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಪಾಠ ಬಿಟ್ಟು ಒಳ್ಳೆಯ ಕೆಲಸ ಮಾಡಿದೆ. ಮೇಷ್ಟರುಗಳು ಪಾಠ ಬಿಡಬೇಕು ಅಂತ ನಾನೆಲ್ಲೂ ಬರೆದಿಲ್ಲ, ಬೇಕಾದರೆ ಹುಡುಕು. ಜನ ಏನೇನೋ ಓದಿಕೊಂಡರೆ ನಾನು ಹೊಣೆಯಲ್ಲ.

ಒಂದು ತಮಾಷೆ ಕೇಳು. ನನ್ನ ಹಳೆಯ ಶಿಷ್ಯ ‘ಮುಂಬೆಂಚು’ ನೆನಪಿದ್ದಾನಾ? ನಾನು ಸೀನಿದರೂ ನೋಟ್ಸ್ ಬರೆದುಕೊಳ್ಳುತ್ತಿದ್ದವನು. ಈಗ ದೊಡ್ಡ ವಕೀಲ, ಯಾವುದೋ ವಿದ್ಯಾಸಂಸ್ಥೆಗೆ ಸಲಹೆಗಾರ. ಅವನು ನನ್ನ ಅಭಿಪ್ರಾಯ ಕೇಳಿ ಒಂದು ಪ್ರಕರಣ ಕಳಿಸಿದ್ದ. ನಾನು ಕಲಿಸಿದ ಹಾಗೆಯೇ ಊರು, ಹೆಸರು, ಗಂಡೋ ಹೆಣ್ಣೋ, ಎಲ್ಲದಕ್ಕೂ ಮಸಿ! ಸಂತೋಷವಾಯಿತು, ಒಬ್ಬನಾದರೂ ಕಲಿತನಲ್ಲ. ಸಂಗತಿ ಇಷ್ಟು: ಒಬ್ಬ ಶಿಕ್ಷಕರಿಗೆ ‘ಈ ಪಾಠ ಮಾಡಬೇಡಿ’ ಎಂಬ ಲಿಖಿತ ಸೂಚನೆ ಹೋಗಿದೆ. ಆ ವ್ಯಕ್ತಿ ತರಗತಿಯಲ್ಲಿ ಬಿಟ್ಟು, ಶಾಲೆ ಮುಗಿದ ಮೇಲೆ ಪ್ರಯೋಗಾಲಯದಲ್ಲಿ ಬಾಗಿಲು ಹಾಕಿಕೊಂಡು ಅದೇ ಪಾಠ ಮಾಡಿದೆ. ವಜಾ ಮಾಡಬಹುದೇ ಅನ್ನುವುದು ಪ್ರಶ್ನೆ.

ಪಾಠ ಸತ್ಯವೋ ಸುಳ್ಳೋ ಅನ್ನುವುದು ಇಲ್ಲಿ ಅಪ್ರಸ್ತುತ. ನೇಮಕಾತಿಯ ಷರತ್ತು ಸ್ಪಷ್ಟವಾಗಿದೆ, ಸೂಚನೆ ತಲುಪಿದೆ, ಬೇಕೆಂದೇ ಮೀರಿದ್ದಾರೆ, ಅದೂ ಗುಟ್ಟಾಗಿ. ವಜಾ ಊರ್ಜಿತ ಅಂತ ಎರಡು ಪುಟ ಬರೆದುಕೊಟ್ಟೆ. ಬಹಳ ದಿನದ ಮೇಲೆ ಕೆಲಸ ಚೊಕ್ಕವಾಗಿ ಮಾಡಿದೆ ಅನ್ನಿಸಿತು. ಪಾಪ, ನಿನಗಿರುವ ವಿವೇಕ ಆ ವ್ಯಕ್ತಿಗೂ ಇದ್ದಿದ್ದರೆ ಈ ಪಾಡು ಬರುತ್ತಿರಲಿಲ್ಲ.

ಭಾವನಿಗೆ ಒಂದು ಉಣ್ಣೆಯ ಶಾಲು ಕಳಿಸಿದ್ದೇನೆ.

ನಿನ್ನ ತಮ್ಮ


ಫೆಬ್ರವರಿ ೨, ೧೯೮೩

ತಮ್ಮಾ,

ಆ ವ್ಯಕ್ತಿ ನಾನು.

ಇನ್ನೇನು ಬರೆಯಲಿ ಹೇಳು. ನಾನು, ನಿನ್ನಕ್ಕ. ಪಾಠ ಬಿಟ್ಟೆ ಅಂತ ನಿನಗೆ ಸುಳ್ಳು ಬರೆದಿದ್ದೆ. ನಿನ್ನ ಪುಸ್ತಕದಿಂದಲೇ ನನಗೆ ಈ ಗತಿ ಬಂತು ಅಂತ ತಿಳಿದರೆ ನೀನು ನೊಂದುಕೊಳ್ಳುತ್ತೀ ಅಂತ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಯಾರಿಗೆ ನೋವಾಗಬಾರದು ಅಂದುಕೊಂಡೆನೋ ಅವನೇ ಚೊಕ್ಕವಾಗಿ ಎರಡು ಪುಟ ಬರೆದುಕೊಟ್ಟಿದ್ದಾನೆ!

ಸೂಚನೆ ಬಂದ ಮೇಲೆ ತರಗತಿಯಲ್ಲಿ ಆ ಅಧ್ಯಾಯ ಹಾರಿಸಿದ್ದು ನಿಜ. ಮಾರನೆಯ ದಿನ ಇಬ್ಬರು ಹುಡುಗಿಯರು ಬಂದು ನಿಂತರು. "ಮಿಸ್, ಪರೀಕ್ಷೆಗೆ ಬೇಡ ಬಿಡಿ. ನಮಗೇ ತಿಳ್ಕೋಬೇಕು, ಹೇಳ್ಕೊಡಿ" ಅಂದರು. ಪರೀಕ್ಷೆಗೆ ಬೇಡ ಅಂದು ಪಾಠ ಕೇಳಿದ ಮಕ್ಕಳನ್ನು ನನ್ನ ಇಷ್ಟು ವರ್ಷದ ನೌಕರಿಯಲ್ಲಿ ನೋಡಿರಲಿಲ್ಲ. ಶಾಲೆ ಬಿಟ್ಟ ಮೇಲೆ ಪ್ರಯೋಗಾಲಯಕ್ಕೆ ಬನ್ನಿ ಅಂದೆ. ಬಾಗಿಲು ಹಾಕಿದ್ದು ಗುಟ್ಟಿಗಲ್ಲ, ಅಂಗಳದ ಧೂಳು ಸೂಕ್ಷ್ಮದರ್ಶಕದ ಮೇಲೆ ಕೂರುತ್ತದೆ ಅಂತ. ನಿನ್ನ ಮುಂಬೆಂಚು ಅದನ್ನು ಬರೆದಿರಲಿಲ್ಲ ಅಲ್ಲವಾ?

ಶುಕ್ರವಾರ ಆಡಳಿತ ಮಂಡಳಿಯವರು ನನ್ನನ್ನು ನಿಲ್ಲಿಸಿಕೊಂಡು ನಿನ್ನ ಅಭಿಪ್ರಾಯ ಓದಿದರು. ಕೆಳಗೆ ಸಹಿ ನಿನ್ನದು. ‘ಕ’ ಅಂತ ಸುತ್ತಿ ಎಳೆಯುವುದನ್ನು ನಿನಗೆ ಸ್ಲೇಟಿನ ಮೇಲೆ ಕಲಿಸಿದವಳು ನಾನು, ನನಗೆ ಗುರುತು ಸಿಗದೇ ಇರುತ್ತದಾ? ಈಗ ಅಮಾನತ್ತಿನಲ್ಲಿದ್ದೇನೆ. ಮಾರ್ಚ್ ಹತ್ತಕ್ಕೆ ವಿಚಾರಣೆ. ಅಲ್ಲಿ ವಜಾ ಆದರೆ ಪಿಂಚಣಿ ಇಲ್ಲ, ತಿಂಗಳೊಳಗೆ ಮನೆ ಬಿಡಬೇಕು. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಗಾದೆ ಸುಮ್ಮನೆ ಮಾಡಿದ್ದಾರಾ?

ಸಿಟ್ಟು ಬಂದಿದೆ, ಬಹಳ ಬಂದಿದೆ. ಆದರೆ ಸಿಟ್ಟಿಗೆ ಆಮೇಲೆ ಪುರುಸೊತ್ತಿದೆ. ನಿನ್ನನ್ನು ನನ್ನ ಸಾಕ್ಷಿ ಅಂತ ಬರೆದುಕೊಟ್ಟಿದ್ದೇನೆ. ಬಂದು, ಆ ಅಭಿಪ್ರಾಯ ಹಿಂತೆಗೆದುಕೊಂಡಿದ್ದೇನೆ ಅಂತ ಹೇಳು. ಅವರು ಹಿಡಿದುಕೊಂಡಿರುವುದು ಅದೊಂದನ್ನೇ. ಈ ಜನ್ಮದಲ್ಲಿ ನಿನ್ನ ಹತ್ತಿರ ಬೇರೇನೂ ಕೇಳಿಲ್ಲ.

ಅಕ್ಕ


ಫೆಬ್ರವರಿ ೮, ೧೯೮೩

ಅಕ್ಕಾ,

ಯಾಕೆ ಮುಚ್ಚಿಟ್ಟೆ? ಒಂದು ಸಾಲು, ಒಂದೇ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಇಲ್ಲ, ನಿನ್ನನ್ನು ದೂರುವುದಿಲ್ಲ. ನಿನ್ನ ಕಾಗದ ಬಂದಾಗಿನಿಂದ ಅನ್ನ ಸೇರುತ್ತಿಲ್ಲ.

ಮುಂಬೆಂಚಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. "ನನ್ನಕ್ಕ ಅಂತ ನಿನಗೆ ಗೊತ್ತಿತ್ತೇನೋ?" ಅಂದೆ. "ಗೊತ್ತಿತ್ತು ಸಾರ್" ಅಂದ, ತಣ್ಣಗೆ. "ಹಾಗಿದ್ರೆ ಯಾಕೋ ಹೇಳ್ಲಿಲ್ಲ?" "ಹೆಸರು ಹೇಳ್ಬಾರ್ದು ಅಂತ ಕಲಿಸಿದ್ದು ನೀವೇ ಅಲ್ವಾ ಸಾರ್? ಹೇಳಿದ್ದಿದ್ರೆ ನೀವು ಬೇರೆ ಉತ್ತರ ಕೊಡ್ತಿದ್ರಾ?" ನಾನು ಫೋನು ಕುಕ್ಕಿದೆ. ಆ ಪ್ರಶ್ನೆಗೆ ಉತ್ತರ ಕೊಡುವ ಅಗತ್ಯ ನನಗಿಲ್ಲ.

ಬರುತ್ತೇನೆ. ಅಭಿಪ್ರಾಯ ಹಿಂತೆಗೆದುಕೊಳ್ಳುತ್ತೇನೆ. ಬಾಗಿಲು ಯಾಕೆ ಹಾಕಿದ್ದು ಅನ್ನುವ ಸಂಗತಿ ನನ್ನ ಮುಂದೆ ಇರಲಿಲ್ಲ, ಅದೊಂದೇ ಕಾರಣ ಸಾಕು. ಕಾನೂನಿನಲ್ಲಿ ನೋಡಿದರೆ ಅದು ಅಷ್ಟು ದೊಡ್ಡ ಅಂಶವಲ್ಲ, ಆದರೂ ಹೇಳಬಹುದು. ನೀನು ಧೈರ್ಯವಾಗಿರು. ಭಾವನಿಗೆ ಏನೂ ಹೇಳಬೇಡ.

ತಮ್ಮ


ಮಾರ್ಚ್ ೧೨, ೧೯೮೩

ತಮ್ಮಾ,

ಬಂದೆಯಲ್ಲ, ಅಷ್ಟು ಸಾಕು ನನಗೆ. ಸಿಟ್ಟೆಲ್ಲ ಹೊಟ್ಟೆಗೆ ಹಾಕಿಕೊಂಡೆ.

ಸಾಕ್ಷಿ ಹೇಳುವಾಗ ನನ್ನನ್ನು ಹೊರಗೆ ಕೂರಿಸಿದ್ದರು. ಕಾರಿಡಾರಿನ ಮರದ ಬೆಂಚು, ಎದುರಿಗೆ ಹಳೆಯ ಮುಖ್ಯೋಪಾಧ್ಯಾಯರುಗಳ ಫೋಟೋ. ಬಾಗಿಲಿಗೆ ಕಿವಿ ಕೊಟ್ಟರೂ ಮಾತು ಕೇಳಿಸಲಿಲ್ಲ, ಬರೀ ಗೊಣಗು. ಒಮ್ಮೆ ಬಹಳ ಹೊತ್ತು ಏನೂ ಸದ್ದಿರಲಿಲ್ಲ. ಆಮೇಲೆ ಕುರ್ಚಿ ಎಳೆದ ಶಬ್ದ. ನೀನು ಹೊರಗೆ ಬಂದಾಗ ಕಣ್ಣು ಕೆಂಪಗಿದ್ದವು. ಚಿಕ್ಕಂದಿನಲ್ಲಿ ಯಾರ ಜೊತೆಯಾದರೂ ಹೊಡೆದಾಡಿ ಬಂದಾಗ ನಿನ್ನ ಮುಖ ಹೀಗೇ ಇರುತ್ತಿತ್ತು. ಒಳಗೆ ನನಗಾಗಿ ಹೊಡೆದಾಡಿದ್ದಾನೆ ಅಂತ ಆಗಲೇ ತಿಳಿಯಿತು.

ನೀನು ರೈಲಿಗೆ ಹೊತ್ತಾಯಿತು ಅಂತ ಹಾಗೇ ಓಡಿದೆ. ಭಾವ ಒಗೆದ ಅಂಗಿ ಹಾಕಿಕೊಂಡು, ಶೇವ್ ಮಾಡಿಕೊಂಡು ಕಲ್ಲುಬೆಂಚಿನ ಮೇಲೆ ಕಾಯುತ್ತಿದ್ದರು. ಅವರಿಗೆ ಎಲ್ಲ ಗೊತ್ತು, ನಾನೇ ಹೇಳಿಬಿಟ್ಟೆ. "ದೊಡ್ಡ ಮನುಷ್ಯ, ಪುರುಸೊತ್ತಿಲ್ಲ. ಬಂದು ಹೇಳಿದ್ನಲ್ಲ, ಬಿಡು" ಅಂದರು. ಮುಂದಿನ ಸಲ ಬಂದಾಗ ಮಾತ್ರ ತಪ್ಪಿಸಿಕೊಳ್ಳಬೇಡ.

ಅಕ್ಕ


ಮಾರ್ಚ್ ೨೧, ೧೯೮೩

ಅಕ್ಕಾ,

ನಿನ್ನ ಕಾಗದ ತಲುಪಿತು. ಹೇಳಬೇಕಾದ್ದನ್ನು ಹೇಳಿದ್ದೇನೆ. ಆದೇಶ ತಿಂಗಳ ಕೊನೆಗೆ ಬರುತ್ತದೆ. ಏನೇ ಬಂದರೂ ಮೇಲ್ಮನವಿಗೆ ಅವಕಾಶ ಇದೆ ಅನ್ನುವುದು ನೆನಪಿರಲಿ. ಕಾಗದಪತ್ರ ಯಾವುದನ್ನೂ ಬಿಸಾಡಬೇಡ. ಇಲ್ಲಿ ಪರೀಕ್ಷೆಗಳ ಗಡಿಬಿಡಿ, ಹೆಚ್ಚು ಬರೆಯಲು ಆಗುತ್ತಿಲ್ಲ.

ತಮ್ಮ


ಜುಲೈ ೧೬, ೧೯೮೩

ಅಕ್ಕಾ,

ಏಪ್ರಿಲ್‌ನಿಂದ ಇದು ನಾಲ್ಕನೇ ಕಾಗದ. ಹಳೆಯ ವಿಳಾಸದಿಂದ ಮೂರೂ ವಾಪಸು ಬಂದವು. ಹೊಸ ವಿಳಾಸವನ್ನು ನಿಮ್ಮ ಶಾಲೆಯ ಗುಮಾಸ್ತನಿಂದ ಕೇಳಿ ತೆಗೆದುಕೊಳ್ಳಬೇಕಾಯಿತು. ಮೂರನೇ ಮಹಡಿ ಅಂತೆ. ಮನೆಯಲ್ಲಿ ಗಾಳಿ ಬೆಳಕು ಇದೆಯಾ? ಭಾವ ಸಂಜೆ ಹೊತ್ತು ಇಳಿದು ನಡೆಯುತ್ತಾರಾ?

ಆದೇಶದಲ್ಲಿ ಏನಿದೆ ಅಂತ ನೀನು ಓದಿದ್ದೀ. ಅದನ್ನು ನಾನೇ ಹೇಳಬೇಕಿತ್ತು, ರೈಲಿನ ನೆಪ ಹೇಳಿ ಓಡಿದೆ. ಅಭಿಪ್ರಾಯ ಹಿಂತೆಗೆದುಕೊಳ್ಳುತ್ತೇನೆ ಅಂತ ನಾನು ಅಂದದ್ದು ನಿಜ. ಬಾಗಿಲಿನ ಸಂಗತಿ ಹೇಳಿದ್ದೂ ನಿಜ. ಆಗ ಮುಂಬೆಂಚು ಎದ್ದು ನಿಂತ. "ಸಾರ್, ಒಂದೇ ಪ್ರಶ್ನೆ. ಬಾಗಿಲಿನ ವಿಷಯವೂ ಗೊತ್ತಿದ್ದು, ಹೆಸರು ಮಾತ್ರ ಗೊತ್ತಿಲ್ಲದೆ ಇದ್ದಿದ್ರೆ, ನಿಮ್ಮ ಉತ್ತರ ಬದಲಾಗ್ತಿತ್ತಾ?" ಇಪ್ಪತ್ತು ವರ್ಷದಿಂದ ಪ್ರತಿ ತರಗತಿಯಲ್ಲೂ ನಾನು ಕೇಳುತ್ತಾ ಬಂದ ಪ್ರಶ್ನೆ ಅದು. ಪ್ರಮಾಣ ಮಾಡಿ ನಿಂತಿದ್ದೆ. ‘ಇಲ್ಲ’ ಅಂದೆ. ಆ ಎರಡು ಅಕ್ಷರ ಹೇಳಲು ಎಷ್ಟು ಹೊತ್ತು ಹಿಡಿಯಿತು ಅಂತ ಆದೇಶದಲ್ಲಿ ಬರೆದಿರುವುದಿಲ್ಲ.

ಬೇರೆ ಏನು ಹೇಳಬಹುದಿತ್ತು ನಾನು? ‘ಬದಲಾಗುತ್ತಿತ್ತು’ ಅಂದಿದ್ದರೆ ಅದು ಸುಳ್ಳು. ಸುಳ್ಳು ಹೇಳಿ ನಿನ್ನನ್ನು ಉಳಿಸಿದ್ದರೆ ನಾನು ಇಷ್ಟು ಕಾಲ ಕಲಿಸಿದ್ದಕ್ಕೆ ಏನರ್ಥ? ಇದನ್ನು ಯಾರನ್ನಾದರೂ ಕೇಳೋಣವೆಂದರೆ ಇಲ್ಲಿ ನನ್ನ ಜೊತೆ ಮಾತಾಡುವವರಿಲ್ಲ. ಈ ವರ್ಷ ನನ್ನ ವಿಷಯಕ್ಕೆ ಮೂವರು ವಿದ್ಯಾರ್ಥಿಗಳು ಸೇರಿದ್ದಾರೆ.

ಇನ್ನೊಂದು ಸುದ್ದಿ, ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು. ಪಠ್ಯಪುಸ್ತಕಗಳನ್ನು ಪರಿಶೀಲಿಸಲು ಸರ್ಕಾರ ಒಂದು ಆಯೋಗ ಮಾಡಿದೆ, ಅದಕ್ಕೆ ನನ್ನನ್ನು ಅಧ್ಯಕ್ಷನನ್ನಾಗಿ ಕರೆದಿದ್ದಾರೆ. ಒಪ್ಪಿಕೊಂಡೆ. ಒಳಗಿದ್ದರೆ ನಿನ್ನಂಥವರಿಗೆ ಏನಾದರೂ ಮಾಡಬಹುದು ಅನ್ನುವ ಆಸೆ. ಮೇಲ್ಮನವಿ ಬರೆದು ಲಗತ್ತಿಸಿದ್ದೇನೆ, ಗುರುತು ಹಾಕಿದ ಕಡೆ ಸಹಿ ಮಾಡಿ ಕಳಿಸು. ಚೆನ್ನಾಗಿ ಬಂದಿದೆ. ಗೆಲ್ಲಬಹುದು.

ಇಲ್ಲಿ ನನ್ನ ಮನೆಯಲ್ಲಿ ಎರಡು ಕೋಣೆ ಖಾಲಿ ಇವೆ, ನೆಲಮಹಡಿ. ಭಾವನನ್ನು ಕರೆದುಕೊಂಡು ಬಂದುಬಿಡು.

ನಿನ್ನ ತಮ್ಮ


ಸೆಪ್ಟೆಂಬರ್ ೪, ೧೯೮೩

ತಮ್ಮಾ,

ನಿನ್ನ ಭಾವ ಜುಲೈ ಆರಕ್ಕೆ ತೀರಿಕೊಂಡರು. ನಿನ್ನ ಕಾಗದ ಬಂದಾಗ ಅವರು ಹೋಗಿ ಎರಡು ವಾರವಾಗಿತ್ತು. ನಿನಗೆ ತಿಳಿಸಲಿಲ್ಲ. ಮರೆತು ಅಲ್ಲ, ಬೇಡ ಅಂತಲೇ ತಿಳಿಸಲಿಲ್ಲ.

ಏಪ್ರಿಲ್ ತಿಂಗಳಲ್ಲೇ ಇಲ್ಲಿಗೆ ಬಂದೆವು. ಪಿಂಚಣಿ ಇಲ್ಲದವಳಿಗೆ, ಅದರಲ್ಲೂ ವಜಾ ಆದ ಟೀಚರಿಗೆ, ಊರಿನಲ್ಲಿ ಯಾರೂ ನೆಲದ ಮನೆ ಕೊಡಲಿಲ್ಲ. ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತುಕೊಂಡು ಬರುವಾಗಲೂ ಬಾಯಿ ಸುಮ್ಮನಿರಲಿಲ್ಲ. "ನಿನ್ ತಮ್ಮ ನಮ್ಮನ್ನ ಮೇಲಕ್ಕೆ ತಂದ ನೋಡು" ಅಂತ ನಗಲು ಹೋಗಿ ಕೆಮ್ಮಿದರು. ಆಮೇಲೆ ಕಿಟಕಿಯಿಂದ ರಸ್ತೆ ನೋಡುತ್ತಾ ಮಲಗಿಬಿಟ್ಟರು. ಇಷ್ಟು ಎತ್ತರದಿಂದ ಮಕ್ಕಳ ಮುಖ ಕಾಣುವುದಿಲ್ಲ, ಅಡ್ಡಹೆಸರು ಇಡಲು ಆಗುವುದಿಲ್ಲ ಅಂತ ಗೊಣಗುತ್ತಿದ್ದರು. ಡಾಕ್ಟರು ಹೇಳಿದ ಹಾಗೆಯೇ ಆಯಿತು. ಸಂಜೆ ಹೊತ್ತು ಇಳಿಯುತ್ತಾರಾ ಅಂತ ಕೇಳಿದ್ದೀಯಲ್ಲ. ಒಂದೇ ಸಲ ಇಳಿದರು, ನಾಲ್ಕು ಜನರ ಹೆಗಲ ಮೇಲೆ.

ಆದೇಶ ಓದಿದ ದಿನವೇ ನಿನ್ನ ‘ಇಲ್ಲ’ ಕಂಡಿದ್ದೆ. ಭಾವನಿಗೆ ಓದಿ ಹೇಳುವಾಗ ಆ ಸಾಲು ಬಿಟ್ಟು ಓದಿದೆ. ನೀನು ಹೊಡೆದಾಡಿದೆ ಅಂತಲೇ ಅವರು ನಂಬಿಕೊಂಡು ಹೋದರು. ಕೊನೆಯ ವಾರ ಕೂಡ, "ಅವ್ನಿಗೆ ಬಯ್ಬೇಡ್ವೇ, ಅವ್ನ್ ಕೈಲಾದ್ದು ಮಾಡ್ದ" ಅಂದರು. ನಾನು ಹೂಂ ಅಂದೆ.

ಬೇರೆ ಏನು ಹೇಳಬಹುದಿತ್ತು ಅಂತ ಕೇಳಿದ್ದೀ. ನನ್ನನ್ನು ಕೇಳುತ್ತೀಯಾ? ನಾನಾಗಿದ್ದರೆ ಸುಳ್ಳು ಹೇಳುತ್ತಿದ್ದೆ. ನಿನ್ನ ಜಾಗದಲ್ಲಿ ನಾನು, ನನ್ನ ಜಾಗದಲ್ಲಿ ನೀನು ಇದ್ದಿದ್ದರೆ, ಪ್ರಮಾಣ ಮಾಡಿ, ಕಣ್ಣು ಮಿಟುಕಿಸದೆ ಸುಳ್ಳು ಹೇಳಿ ಬಂದು ನಿನ್ನ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ನನಗೆ ಅದರಲ್ಲಿ ಒಂದು ಚೂರೂ ನಾಚಿಕೆ ಇಲ್ಲ. ನೀನು ಹೇಳಿದ್ದು ಸತ್ಯ, ಅದು ನನಗೂ ಗೊತ್ತು. ಸತ್ಯ ಹೇಳಬೇಕು ಅಂತ ನಿನಗೆ ಕಲಿಸಿದವಳೂ ನಾನೇ, ಸುಳ್ಳಾಡಿದಾಗಲೆಲ್ಲ ಕಿವಿ ಹಿಂಡಿದ್ದೇನೆ. ಹಿಂಡಬಾರದಿತ್ತು ಅನ್ನಿಸುತ್ತದೆ ಈಗ. ಏನೋ ಒಂದನ್ನು ಜೊತೆಗೆ ಕಲಿಸಬೇಕಿತ್ತು, ಅದೇನು ಅಂತ ನನಗೂ ಸರಿಯಾಗಿ ಹೇಳಲು ಬರುವುದಿಲ್ಲ.

ಮೇಲ್ಮನವಿ ಓದಿದೆ. ಚೆನ್ನಾಗಿದೆ. ಅದರಲ್ಲಿ ನನ್ನನ್ನು ‘ಅರ್ಜಿದಾರರು’ ಅಂತ ಬರೆದಿದ್ದೀ. ಶಾಲೆಯಲ್ಲಿ ನಾನು ಮಿಸ್, ನಿನಗೆ ಅಕ್ಕ, ಆ ಮುಂಬೆಂಚಿನ ಕಾಗದದಲ್ಲಿ ‘ಒಬ್ಬ ಶಿಕ್ಷಕರು’. ಹೆಸರು ಹಿಡಿದು ಕೂಗುತ್ತಿದ್ದವರು ಅವರೊಬ್ಬರೇ ಇದ್ದರು. ಸಹಿ ಮಾಡುವುದಿಲ್ಲ. ಗೆದ್ದರೆ ಆ ಮನೆ ಸಿಗುತ್ತದೆ. ಆ ಕಲ್ಲುಬೆಂಚಿನ ಮುಂದೆ ದಿನಾ ಓಡಾಡಲು ನನ್ನಿಂದ ಆಗದು.

ನಿನ್ನ ಆಯೋಗದಲ್ಲಿ ನನ್ನಂಥವರಿಗೆ ಏನೂ ಮಾಡಬೇಡ. ಆ ಇಬ್ಬರು ಹುಡುಗಿಯರು ವಾರಕ್ಕೊಮ್ಮೆ ಮೂರು ಮಹಡಿ ಹತ್ತಿ ಬರುತ್ತಾರೆ, ಇಲ್ಲಿ ಬಾಗಿಲು ತೆಗೆದಿಟ್ಟೇ ಪಾಠ ಮಾಡುತ್ತೇನೆ. ಅವರಿಗೆ ತೊಂದರೆ ಬರದ ಹಾಗೆ ಸುಮ್ಮನಿದ್ದರೆ ಅದೇ ದೊಡ್ಡ ಉಪಕಾರ.

ನಿನ್ನ ಮನೆಗೆ ನಾನು ಬರುವುದಿಲ್ಲ. ಶಾಲು ಅವರ ಮೈಮೇಲೆ ಹೊದಿಸಿಯೇ ಕಳಿಸಿದೆ. ನಿನ್ನ ಮೇಲೆ ನನಗಿರುವ ಸಿಟ್ಟು ಇನ್ನೂ ಹಾಗೇ ಇದೆ, ನಿನಗೆ ಊಟ ಸೇರುತ್ತಿದೆಯೋ ಇಲ್ಲವೋ ಎಂಬ ಯೋಚನೆಯೂ ಹಾಗೇ ಇದೆ. ಎರಡೂ ಒಂದೇ ಎದೆಯಲ್ಲಿ ಹಿಡಿಸುತ್ತಿಲ್ಲ. ಸದ್ಯಕ್ಕೆ ಕಾಗದ ಬರೆಯಬೇಡ. ಬರೆದರೆ ಓದದೆ ಇರಲಾರೆ, ಅದೇ ಕಷ್ಟ.

ಅಕ್ಕ